ಮುಪ್ಪು ಹಿಂದಕ್ಕೆ ತಿರುಗುತ್ತದೆಯೇ? ವಿಜ್ಞಾನ ಎಲ್ಲಿಗೆ ಬಂದಿದೆ

ವಳಸಂಗ, ಸಂಖ, ಉಮದಿ ಕಡೆಯ ನಮ್ಮ ಹಿರಿಯರ ಮೊಬೈಲ್‌ಗಳಿಗೆ ಈಗ ‘ವಯಸ್ಸು ಹತ್ತು ವರ್ಷ ಹಿಂದಕ್ಕೆ’ ಎನ್ನುವ ಪುಡಿ, ಗುಳಿಗೆಗಳ ಜಾಹೀರಾತು ಬರುತ್ತಿವೆ. ಪಿಂಚಣಿ ಹಣದಲ್ಲಿ ತರಿಸಿಕೊಂಡವರೂ ಇದ್ದಾರೆ. ಕೇಳಿದವರಿಗೆಲ್ಲ ಬಿಡಿಯಾಗಿ ಉತ್ತರಿಸುವ ಬದಲು, ಈ ಬಗ್ಗೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಜಾಹೀರಾತು ಸುಳ್ಳಾದರೂ ಅದರ ಹಿಂದಿನ ವಿಜ್ಞಾನ ಸುಳ್ಳಲ್ಲ. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕಾ ಇಲಿಯ ಚರ್ಮದ ಜೀವಕೋಶಕ್ಕೆ ನಾಲ್ಕು ಜೀನ್‌ಗಳನ್ನು ಸೇರಿಸಿ, ಅದನ್ನು ಭ್ರೂಣದ ಕೋಶದಂಥ ಎಳೆಯ ಸ್ಥಿತಿಗೆ ಮರಳಿಸಿದರು. 2012ರಲ್ಲಿ ಜಾನ್ ಗರ್ಡನ್ ಅವರೊಂದಿಗೆ ನೊಬೆಲ್ ಪಡೆದರು. 2020ರಲ್ಲಿ ಹಾರ್ವರ್ಡ್ ವಿಜ್ಞಾನಿಗಳು ಆ ನಾಲ್ಕರಲ್ಲಿ ಮೂರನ್ನೇ ಬಳಸಿ ಮುದಿ ಇಲಿಗಳ ಮಂದ ದೃಷ್ಟಿಯನ್ನು ಸುಧಾರಿಸಿದರು. ಆದರೆ ಕೋಶ ತೀರ ಹಿಂದಕ್ಕೆ ಹೋದರೆ, ತಾನು ಕಣ್ಣಿನದೋ ಚರ್ಮದ್ದೋ ಎಂಬುದನ್ನೇ ಮರೆತು ಗಡ್ಡೆಯಾಗಿ ಬೆಳೆಯಬಹುದು. ಎಲ್ಲಿ ನಿಲ್ಲಿಸಬೇಕು ಎಂಬುದೇ ಕಗ್ಗಂಟು.

ಇನ್ನೊಂದು ದಾರಿ ಔಷಧದ್ದು. ಈಸ್ಟರ್ ದ್ವೀಪದ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಬಂದ ರಾಪಮೈಸಿನ್ ಎಂಬ ಔಷಧವನ್ನು 600 ದಿನ ತುಂಬಿದ, ಅಂದರೆ ನಮ್ಮ ಲೆಕ್ಕದಲ್ಲಿ ಅರವತ್ತರ ಆಸುಪಾಸಿನ, ಇಲಿಗಳಿಗೆ ತಿನ್ನಿಸಿದಾಗ ಅವು ಹೆಚ್ಚು ಕಾಲ ಬದುಕಿದವು (2009). ಆದರೆ ಇದು ಮೂತ್ರಪಿಂಡ ಕಸಿಯಾದವರಿಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸಲು ಕೊಡುವ ಔಷಧ. ಸ್ವಂತ ಬುದ್ಧಿಯಿಂದ ನುಂಗುವಂಥದ್ದಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಗುಳಿಗೆಯ ಮಾತೂ ಅಷ್ಟೇ: ಕಾಯಿಲೆ ಇದ್ದವರಿಗೆ ಒಳ್ಳೆಯದು, ಆರೋಗ್ಯವಂತರ ಮುಪ್ಪನ್ನು ತಡೆಯುತ್ತದೆಂದು ಸಾಬೀತಾಗಿಲ್ಲ.

ಇಲಿಯಿಂದ ಮನುಷ್ಯನ ಕಡೆಗೆ ಬರಬೇಕಾದರೆ, ಮುಪ್ಪನ್ನು ಮೊದಲು ಅಳೆಯಬೇಕು. ಆ ಕೆಲಸ ಕರ್ನಾಟಕದಲ್ಲಿಯೇ ನಡೆದಿದೆ. ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ, ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನಲ್ಲಿ 2018ರಿಂದ 45 ದಾಟಿದ ಹಳ್ಳಿಗರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತ ಬಂದಿದೆ. ಗುರಿ 10,000 ಜನ. ನೆನಪಿನ ಶಕ್ತಿ, ರಕ್ತ, ಮಿದುಳಿನ ಸ್ಕ್ಯಾನ್ ಎಲ್ಲವೂ ಇದರಲ್ಲಿವೆ. ಅದೇ ವಿಜ್ಞಾನ ಸಂಸ್ಥೆಯ ‘ಲಾಂಜೆವಿಟಿ ಇಂಡಿಯಾ’ ಯೋಜನೆಯವರು ‘ಭಾರತ್’ ಎಂಬ ಅಧ್ಯಯನದಲ್ಲಿ ಭಾರತೀಯರ ದೇಹ ಹೇಗೆ ಮುಪ್ಪಾಗುತ್ತದೆಂಬ ಅಳತೆಗಳನ್ನು ಕಲೆಹಾಕುತ್ತಿದ್ದಾರೆ. ಪಾಶ್ಚಾತ್ಯರ ರಕ್ತ ನೋಡಿ ಬರೆದ ‘ನಾರ್ಮಲ್’ ಅಂಕಿ ನಮಗೂ ಸರಿಹೊಂದಲೇಬೇಕೆಂದಿಲ್ಲವಲ್ಲ! ನಮ್ಮ ಜತ್ತ ತಾಲೂಕಿನಂಥ ಬರದ ನಾಡಿನಲ್ಲಿ, ಜೋಳದ ರೊಟ್ಟಿ ಉಂಡು ಹೊಲದಲ್ಲಿ ದುಡಿದ ದೇಹಗಳಲ್ಲಿಯೂ ಇಂಥ ಅಧ್ಯಯನ ನಡೆಯಬೇಕೆಂಬುದು ನಮ್ಮ ಆಸೆ.

ಮನುಷ್ಯರಲ್ಲಿಯೇ ಕಣ್ಣಾರೆ ಕಂಡ ‘ಹಿಂತಿರುಗುವಿಕೆ’ ಒಂದಿದೆ, ಅದಕ್ಕೆ ಜಾಹೀರಾತಿಲ್ಲ. 1990ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ 86ರಿಂದ 96 ವಯಸ್ಸಿನ ಹತ್ತು ಜನ ವೃದ್ಧಾಶ್ರಮವಾಸಿಗಳಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಒಬ್ಬರು ನಡುವೆ ಬಿಟ್ಟರು. ಉಳಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ ಶೇ. 174 ಹೆಚ್ಚಿತು. ವ್ಯಾಯಾಮ ಬಿಟ್ಟ ಮೇಲೆ ಬಲ ಮತ್ತೆ ಇಳಿಯಿತೆಂಬುದನ್ನೂ ಅವರೇ ದಾಖಲಿಸಿದ್ದಾರೆ.

ಮನೆಯಲ್ಲಿ ಇದನ್ನು ಶುರುಮಾಡುವವರು ಗಟ್ಟಿ ಕುರ್ಚಿಯಿಂದ ಕೈ ಊರದೆ ನಿಧಾನವಾಗಿ ಏಳುವುದು, ಕೂರುವುದು ಮಾಡಬಹುದು. ಹೃದಯದ ತೊಂದರೆ, ಬಿಪಿ, ಮಂಡಿ ಶಸ್ತ್ರಚಿಕಿತ್ಸೆ ಆದವರು ದವಾಖಾನೆಯಲ್ಲಿ ಕೇಳಿದ ಮೇಲೆಯೇ ಶುರುಮಾಡಿ. ಮೊದಲ ಕೆಲವು ದಿನ ಪಕ್ಕದಲ್ಲಿ ಒಬ್ಬರು ನಿಂತಿರಲಿ.