ಅಪ್ಪಣೆಗೊಂದು ದಾರಿ, ಸರಕಿಗೊಂದು ದಾರಿ

ಹಾಜರಿ ಬರೆಯುವುದು, ಬಿಸಿಯೂಟದ ಅಕ್ಕಿ ಹೊರುವುದು ಎರಡೂ ಹೆಡ್‌ಮಾಸ್ತರರ ಕೆಲಸವೇ ಆದರೆ ಶಾಲೆ ನಡೆದೀತೇ? ಮೊಬೈಲ್ ಜಾಲದ ಗೇಟ್‌ವೇಗಳು ಬಹುಕಾಲ ಹೀಗೆಯೇ ದುಡಿದವು.

ಈ ಪಾಠವನ್ನು ಮೊದಲು ಕಲಿಸಿದ್ದು ಹಳೆಯ ಟೆಲಿಫೋನು. ಅಮೆರಿಕದಲ್ಲಿ ದೂರದ ಕರೆಯ ಮಾತು, ಅದರ ಅಪ್ಪಣೆ ಎರಡೂ ಒಂದೇ ದಾರಿಯಲ್ಲಿ ಹೋಗುತ್ತಿದ್ದವು. 2600 ಹರ್ಟ್ಸ್ ಸ್ವರ ಕೇಳಿದರೆ ಲೈನ್ ಖಾಲಿಯಿದೆ ಎಂದು ಯಂತ್ರ ನಂಬುತ್ತಿತ್ತು. 1960ರ ದಶಕದಲ್ಲಿ ಕೆಲವರು ಅದೇ ಸ್ವರದ ಶಿಳ್ಳೆ ಹಾಕಿ ಪುಕ್ಕಟೆ ಮಾತಾಡಿದರು! 1976ರಿಂದ ಎಟಿ ಅಂಡ್ ಟಿ ಸಂಸ್ಥೆ ಅಪ್ಪಣೆಗೆ ಬೇರೆ ದಾರಿ ಮಾಡತೊಡಗಿತು. ಶಿಳ್ಳೆಯ ಆಟ ಕ್ರಮೇಣ ನಿಂತಿತು.

ಮೊಬೈಲಿಗೆ ಇಂಟರ್ನೆಟ್ ತಂದ ಜಿಪಿಆರ್‌ಎಸ್‌ನಲ್ಲಿ ಅಪ್ಪಣೆಯೂ ಮಾಹಿತಿಯೂ ಮತ್ತೆ ಒಂದೇ ಪೆಟ್ಟಿಗೆಗಳ ಮೂಲಕ ಹಾದವು. 2008ರಲ್ಲಿ ರೂಪುಗೊಂಡ ಎಲ್‌ಟಿಇಯಲ್ಲಿ, ಫೋನು ಎಲ್ಲಿದೆ ಎಂದು ಗಮನಿಸುವ ಎಂಎಂಇ ಬೇರೆಯಾಯಿತು. ಗೇಟ್‌ವೇಗಳ ಹೊರೆ ಮಾತ್ರ ಇಳಿಯಲಿಲ್ಲ. ವಿಡಿಯೋ ನೋಡುವವರು ಹೆಚ್ಚಿದಂತೆ ಮಾಹಿತಿ ಉಕ್ಕಿತು, ಅಪ್ಪಣೆ ಅಷ್ಟು ಬೆಳೆಯಲಿಲ್ಲ. ಆದರೂ ಇಡೀ ಪೆಟ್ಟಿಗೆಯನ್ನೇ ಹಿಗ್ಗಿಸಬೇಕಿತ್ತು.

2017ರಲ್ಲಿ 3ಜಿಪಿಪಿ ಎಂಬ ಮಾನದಂಡ ಒಕ್ಕೂಟ ತನ್ನ 14ನೇ ಆವೃತ್ತಿಯಲ್ಲಿ ಗೇಟ್‌ವೇಯನ್ನೇ ಎರಡು ಮಾಡಿತು. ಈ ಪದ್ಧತಿಯ ಹೆಸರು ಕಪ್ಸ್. ಯಾವ ಮಾಹಿತಿ ಎತ್ತ ಹೋಗಬೇಕು, ಎಷ್ಟು ಬಳಕೆಯಾಯಿತು ಎಂಬುದನ್ನು ಒಂದು ಭಾಗ ಪಿಎಫ್‌ಸಿಪಿ ಎಂಬ ಭಾಷೆಯಲ್ಲಿ ಹೇಳುತ್ತದೆ, ಕೇಳುತ್ತದೆ. ಇನ್ನೊಂದು ಭಾಗ ಹೊರುತ್ತದೆ. ಹೊರುವ ಪೆಟ್ಟಿಗೆಯನ್ನು ಜನರ ಸಮೀಪ ಇಟ್ಟರೆ ವಿಳಂಬ ತಗ್ಗುತ್ತದೆ. ಮುಂದೆ 5ಜಿಯ ಅಡಿಪಾಯವೇ ಇದಾಯಿತು. ಅಲ್ಲಿ ಹೇಳುವವನು ಎಸ್‌ಎಂಎಫ್, ಹೊರುವವನು ಯುಪಿಎಫ್.

ಶಿಳ್ಳೆಯಿಂದ 5ಜಿಯವರೆಗಿನ ಈ ಕಥೆಯನ್ನು ನಾವು ತರಗತಿಯಲ್ಲಿ ಕನ್ನಡದಲ್ಲೇ ಹೇಳಿದೆವು. ಮಕ್ಕಳಿಗೆ ಅರ್ಥವಾಯಿತು. ಗಡಿನಾಡಿನ ನಮಗೆ ಇನ್ನೇನು ಬೇಕು?