ಚಕಮಕಿ ಬಂದೂಕಿನ ಕಲ್ಲು: ಹಾವೇರಿ ಸೀಮೆಯ ಚರಿತ್ರೆಯಿಂದ

ಚಕಮಕಿ ಬಂದೂಕಿನ ಮದ್ದಿಗೆ ಕಿಡಿ ಕೊಡುವುದು ಹೆಬ್ಬೆರಳಿಗಿಂತ ತುಸು ಅಗಲವಾದ ಒಂದು ಕಲ್ಲು. ಅದನ್ನು ಬಂದೂಕಿನ ಕುದುರೆಯ ಎರಡು ದವಡೆಗಳ ನಡುವೆ ಇಟ್ಟು ಸ್ಕ್ರೂ ಬಿಗಿಯುತ್ತಿದ್ದರು. ಟ್ರಿಗರ್ ಎಳೆದಾಗ ಕುದುರೆ ಮುಂದಕ್ಕೆ ಬಡಿದು, ಕಲ್ಲಿನ ಅಂಚು ಎದುರಿಗೆ ನಿಂತ ಉಕ್ಕಿನ ತಗಡನ್ನು ಮೇಲಿನಿಂದ ಕೆಳಕ್ಕೆ ಕೆರೆಯುತ್ತದೆ. ಕೆರೆದು ಎದ್ದ ಉಕ್ಕಿನ ಸಣ್ಣ ಚೂರುಗಳೇ ಕಾದು ಕಿಡಿಗಳಾಗುತ್ತವೆ. ಅದೇ ಏಟಿಗೆ ತಗಡು ಅತ್ತ ಸರಿದು, ಅದರ ಅಡಿಯ ಬಟ್ಟಲಿನಲ್ಲಿದ್ದ ನುಣ್ಣನೆಯ ಮದ್ದು ತೆರೆದುಕೊಳ್ಳುತ್ತದೆ. ಕಿಡಿ ಅಲ್ಲಿ ಬಿದ್ದು, ಬೆಂಕಿ ನಳಿಗೆಯ ಪಕ್ಕದ ಸಣ್ಣ ತೂತಿನಿಂದ ಒಳಗಿನ ಮದ್ದಿಗೆ ತಲುಪಿ, ಗುಂಡು ಹಾರುತ್ತದೆ. ಕಲ್ಲಿನ ಅಳತೆ ತಪ್ಪಿದರೆ ಈ ಕೆಲಸಗಳಲ್ಲಿ ಒಂದಾದರೂ ಕೈಕೊಡುತ್ತದೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆ ಹದಿನೆಂಟನೆಯ ಶತಮಾನದ ಉದ್ದಕ್ಕೂ ದಂಡುಗಳು ತುಳಿದ ನೆಲ. ಸವಣೂರಿನ ನವಾಬರು, ಮರಾಠರು, ಹೈದರ್ ಅಲಿ, ಟಿಪ್ಪು ಸುಲ್ತಾನ ಈ ಸೀಮೆಯ ಮೇಲೆ ಕಣ್ಣಿಟ್ಟವರೇ. ಊರಕಾವಲಿನವರ ಮತ್ತು ಪಾಳೆಯಗಾರರ ಆಳುಗಳ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ಬತ್ತಿ ಬಂದೂಕು. ಅದಕ್ಕೆ ಕಲ್ಲು ಬೇಡ. ನಿಧಾನವಾಗಿ ಉರಿಯುವ ಹಗ್ಗದ ಬತ್ತಿಯೊಂದಿದ್ದರೆ ಸಾಕು. ಹತ್ತಿ ಬೆಳೆಯುವ ನಾಡಿನಲ್ಲಿ ಬತ್ತಿಗೆ ಕೊರತೆ ಇರಲಿಲ್ಲ, ಬಂದೂಕನ್ನು ಊರಿನ ಕಮ್ಮಾರನೇ ದುರಸ್ತಿ ಮಾಡಬಹುದಿತ್ತು. ಆದರೆ ಬತ್ತಿಯನ್ನು ಸದಾ ಹೊತ್ತಿಸಿಟ್ಟಿರಬೇಕು. ರಾತ್ರಿ ಅದರ ಕೆಂಡ ಕಾವಲುಗಾರನ ಜಾಗವನ್ನು ತೋರಿಸಿಕೊಡುತ್ತಿತ್ತು, ಮಳೆಯಲ್ಲಿ ಆರಿಹೋಗುತ್ತಿತ್ತು. ಟಿಪ್ಪುವಿನ ಕಾರ್ಖಾನೆಗಳಲ್ಲಿ ಯುರೋಪಿನ ಮಾದರಿಯ ಚಕಮಕಿ ಬಂದೂಕುಗಳು ತಯಾರಾಗುತ್ತಿದ್ದವು. ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳ ಕೈಯಲ್ಲೂ ಚಕಮಕಿ ಬಂದೂಕೇ ಇತ್ತು.

ಈ ಬಂದೂಕು ಹಾವೇರಿ ಸೀಮೆಯಲ್ಲಿ ಮಳೆಯ ಪರೀಕ್ಷೆಗೆ ಒಳಗಾದದ್ದು 1800ರಲ್ಲಿ. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘ್ ಟಿಪ್ಪುವಿನ ಸೆರೆಯಲ್ಲಿದ್ದವನು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದು ದಂಡು ಕಟ್ಟಿದ. ಆತನನ್ನು ಬೆನ್ನಟ್ಟಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದವನು, 1800ರ ಜೂನ್ ಕೊನೆಯಲ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ಮರಾಠರ ಸೀಮೆಗೆ ಕಾಲಿಟ್ಟ. ಜೂನ್ 27ರಂದು ರಾಣೆಬೆನ್ನೂರು ಕೋಟೆಯಿಂದ ಅವನ ಮುಂಚೂಣಿ ಪಡೆಯ ಮೇಲೆ ಗುಂಡು ಹಾರಿತು; ಅಂದೇ ಲಗ್ಗೆ ಹಾಕಿ ಕೋಟೆಯನ್ನು ಹಿಡಿಯಲಾಯಿತು. ಅಲ್ಲಿಂದ ಮುಂದೆ ಹಾವೇರಿ ಸಮೀಪದ ದೇವಗಿರಿಯ ಹತ್ತಿರ ವರದಾ ನದಿ ತುಂಬಿ ಹರಿದು ದಂಡನ್ನು ತಡೆದು ನಿಲ್ಲಿಸಿತು. ಜುಲೈ ನಡುವಿನ ಹೊತ್ತಿಗೆ ಸವಣೂರು, ಕುಂದಗೋಳ, ತಿಂಗಳ ಕೊನೆಗೆ ಡಂಬಳದ ಸರದಿ. ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಕಾಳಗದಲ್ಲಿ ಧೋಂಡಿಯ ಮಡಿದ.

ಈ ದಂಡಯಾತ್ರೆಯ ಬಹುಪಾಲು ನಡೆದದ್ದು ಮುಂಗಾರಿನಲ್ಲಿ. ಚಕಮಕಿ ಬಂದೂಕಿಗೂ ಮಳೆ ವೈರಿಯೇ. ಬಟ್ಟಲಿನ ಮದ್ದು ತೇವವಾದರೆ ಎಂಥ ಕಲ್ಲಿದ್ದರೂ ಗುಂಡು ಹಾರದು. ತಗಡಿನ ಮೇಲೆ ನೀರಿನ ಪಸೆ ಇದ್ದರೆ ಅಂಚು ಜಾರುತ್ತದೆ. ಹೀಗಾಗಿ ಸಿಪಾಯಿಗಳು ಕುದುರೆ ಮತ್ತು ಬಟ್ಟಲಿನ ಭಾಗಕ್ಕೆ ಚರ್ಮದ ಹೊದಿಕೆ ಹಾಕುತ್ತಿದ್ದರು. ಆದರೂ ಮಳೆ ನಿಂತ ಕೂಡಲೇ ಒರೆಸಿ, ಹೊಸ ಮದ್ದು ಸುರಿದು ಸಿದ್ಧವಾಗಬಲ್ಲ ಬಂದೂಕು ಇದು. ಆರಿದ ಬತ್ತಿಗೆ ಬೇರೆ ಬೆಂಕಿ ಹುಡುಕುವ ಕಷ್ಟ ಇಲ್ಲಿಲ್ಲ.

ಕಲ್ಲಿನ ಅಳತೆಯನ್ನು ಗೊತ್ತುಮಾಡುವುದು ನಳಿಗೆಯ ಬಾಯಿಯಲ್ಲ, ಕುದುರೆ ಮತ್ತು ತಗಡು. ಕಂಪನಿಯ ಸಿಪಾಯಿಯ ಉದ್ದ ಬಂದೂಕಿನ ನಳಿಗೆ 39 ಅಂಗುಲ, ಅದರ ಬಾಯಿ ಸುಮಾರು ಮುಕ್ಕಾಲು ಅಂಗುಲ. ಆದರೆ ಅದಕ್ಕೆ ಹೊಂದುವ ಕಲ್ಲು ಸುಮಾರು 28 ಮಿಲಿಮೀಟರ್ ಅಗಲ, 32 ಮಿಲಿಮೀಟರ್ ಉದ್ದದ್ದು. ಸವಾರರ ಗಿಡ್ಡ ಬಂದೂಕಿಗೆ ಇದಕ್ಕಿಂತ ಚಿಕ್ಕದು, ಪಿಸ್ತೂಲಿಗೆ ಇನ್ನೂ ಚಿಕ್ಕದು ಬೇಕು. ಆದ್ದರಿಂದ ಸೈನ್ಯಕ್ಕೆ ಕಲ್ಲು ಪೂರೈಸುವವರು ಈ ಮೂರು ಬಗೆಗಳನ್ನು ಬೇರೆ ಬೇರೆಯಾಗಿಯೇ ವಿಂಗಡಿಸುತ್ತಿದ್ದರು.

ಮೊದಲು ನೋಡಬೇಕಾದದ್ದು ಅಗಲ. ಕಲ್ಲಿನ ಅಂಚು ತಗಡಿನ ಅಗಲಕ್ಕೆ ಹೆಚ್ಚುಕಡಿಮೆ ಸಮನಾಗಿರಬೇಕು, ಕೂದಲೆಳೆಯಷ್ಟು ಕಡಿಮೆ ಇದ್ದರೆ ಒಳ್ಳೆಯದು. ತೀರ ಕಿರಿದಾದರೆ ಉಕ್ಕಿನ ಒಂದು ಪಟ್ಟಿಯನ್ನಷ್ಟೇ ಕೆರೆದು ಕಿಡಿ ಕಡಿಮೆಯಾಗುತ್ತದೆ, ತಗಡಿನಲ್ಲಿ ತಗ್ಗು ಬೀಳುತ್ತದೆ. ಹೆಚ್ಚು ಅಗಲವಾದರೆ ಕಲ್ಲಿನ ಒಳಮೂಲೆ ನಳಿಗೆಯ ಪಕ್ಕಕ್ಕೆ ತಾಗಿ ಮುರಿಯುತ್ತದೆ.

ಎರಡನೆಯದು ಉದ್ದ. ಕುದುರೆಯನ್ನು ಅರ್ಧ ಎಳೆದು ನಿಲ್ಲಿಸಿ, ಬಟ್ಟಲಿನ ಮೇಲೆ ತಗಡನ್ನು ಮುಚ್ಚಿದಾಗ ಕಲ್ಲಿನ ಅಂಚು ತಗಡಿಗೆ ಹತ್ತಿರ ಬರಬೇಕು, ಆದರೆ ಮುಟ್ಟಬಾರದು. ಉದ್ದ ಹೆಚ್ಚಾದರೆ ತಗಡು ಪೂರ್ತಿ ಮುಚ್ಚದೆ ಮದ್ದು ಚೆಲ್ಲುತ್ತದೆ, ಇಲ್ಲವೇ ಅಂಚು ತಗಡಿಗೆ ನೇರವಾಗಿ ಗುದ್ದಿ ಚೂರಾಗುತ್ತದೆ. ಗಿಡ್ಡವಾದರೆ ಅಂಚು ತಗಡನ್ನು ತಡವಾಗಿ ಮುಟ್ಟಿ ಮೇಲೆಮೇಲೆ ಸವರಿಹೋಗುತ್ತದೆ. ಕುದುರೆ ಪೂರ್ತಿ ಇಳಿದು ನಿಂತಾಗ ಅಂಚು ಬಟ್ಟಲಿನ ನಡುವಿಗೆ ಮುಖ ಮಾಡಿರಬೇಕು. ಕಿಡಿ ಮದ್ದಿನ ಮೇಲೆ ಬೀಳುವುದು ಆಗಲೇ. ತುಸು ಹೆಚ್ಚುಕಡಿಮೆ ಇದ್ದರೆ ಕಲ್ಲನ್ನು ಬೋರಲು ಹಾಕಿ, ಇಳಿಜಾರಿನ ಮುಖವನ್ನು ಮೇಲೆ ಅಥವಾ ಕೆಳಗೆ ಮಾಡಿ, ಅಂಚು ತಾಗುವ ಎತ್ತರವನ್ನು ಸರಿಪಡಿಸಬಹುದು.

ಮೂರನೆಯದು ಹಿಡಿತ. ಕಲ್ಲನ್ನು ಬರಿಯ ಕಬ್ಬಿಣದ ದವಡೆಯಲ್ಲಿ ಬಿಗಿದರೆ ಬಿರುಕು ಬಿಡುತ್ತದೆ ಅಥವಾ ಜಾರುತ್ತದೆ. ಅದಕ್ಕೆಂದೇ ಮಡಚಿದ ಚರ್ಮದ ತುಂಡನ್ನೋ ತೆಳುವಾದ ಸೀಸದ ತಗಡನ್ನೋ ಸುತ್ತುತ್ತಿದ್ದರು. ಅಂಚು ತಗಡಿಗೆ ಸಮನಾಗಿ ಕೂತಿದೆಯೇ ಎಂದು ನೋಡಿಕೊಂಡ ಮೇಲೆಯೇ ಸ್ಕ್ರೂ ಬಿಗಿಯಬೇಕು. ಒಂದು ಮೂಲೆ ಮೊದಲು ತಾಗಿದರೆ ಆ ಮೂಲೆಯೇ ಮೊದಲು ಹೋಗುತ್ತದೆ.

ಸರಿಯಾಗಿ ಕೂರಿಸಿದ ಕಲ್ಲು ಸಾಮಾನ್ಯವಾಗಿ 20ರಿಂದ 30 ಗುಂಡುಗಳವರೆಗೆ ಬಾಳುತ್ತಿತ್ತು. ಅಂಚು ಮೊಂಡಾದಾಗ ಮೆಲ್ಲನೆ ತಟ್ಟಿ ಹೊಸ ಅಂಚು ಎಬ್ಬಿಸುತ್ತಿದ್ದರು. ಹಾಗೆ ತಟ್ಟಿದಷ್ಟೂ ಕಲ್ಲು ಗಿಡ್ಡವಾಗುವುದರಿಂದ ಅದರ ಹಿಂದೆ ಚರ್ಮದ ಚೂರು ಕೊಟ್ಟು ಮುಂದಕ್ಕೆ ತಳ್ಳಬೇಕಾಗುತ್ತಿತ್ತು. ಕವಾಯತಿನಲ್ಲಿ ಕಲ್ಲು ಸವೆಯದಿರಲೆಂದು ಮರದ ತುಂಡನ್ನು ಕುದುರೆಗೆ ಸಿಕ್ಕಿಸುವ ವಾಡಿಕೆಯೂ ಬ್ರಿಟಿಷ್ ಸೈನ್ಯದಲ್ಲಿತ್ತು.

ಬ್ರಿಟಿಷ್ ಸೈನ್ಯಕ್ಕೆ ಕಲ್ಲು ಒದಗಿಸುತ್ತಿದ್ದ ದೊಡ್ಡ ಕೇಂದ್ರ ಇಂಗ್ಲೆಂಡಿನ ಸಫೋಕ್ ಪ್ರಾಂತದ ಬ್ರ್ಯಾಂಡನ್. ಫ್ರೆಂಚರಿಗೆ ಮೇನ್ ಎಂಬ ಹಳ್ಳಿಯ ಜೇನುಬಣ್ಣದ ಕಲ್ಲು ಹೆಸರುವಾಸಿ. ಬ್ರ್ಯಾಂಡನ್ನಿನ ಕೆಲಸಗಾರರು ದೊಡ್ಡ ಗುಂಡುಕಲ್ಲನ್ನು ಒಡೆದು, ಅದರಿಂದ ಉದ್ದನೆಯ ಅಲಗುಗಳನ್ನು ಎಬ್ಬಿಸಿ, ಪ್ರತಿ ಅಲಗನ್ನೂ ಬೇಕಾದ ಅಳತೆಗೆ ತುಂಡರಿಸುತ್ತಿದ್ದರು.

ಕಲ್ಲಿನಿಂದ ಅಲಗು ಎಬ್ಬಿಸುವ ವಿದ್ಯೆ ಹಾವೇರಿ ಜಿಲ್ಲೆಗೆ ಹೊಸದಲ್ಲ. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ. ಎಸ್. ನಾಗರಾಜರಾವ್ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಜನ ಚರ್ಟ್ ಕಲ್ಲಿನಿಂದ ಮಾಡಿದ ಅಲಗುಗಳು ದೊರೆತಿವೆ. ಚರ್ಟ್, ಚಕಮಕಿ ಕಲ್ಲು ಎರಡೂ ಸಿಲಿಕಾದಿಂದಾದ ಒಂದೇ ಜಾತಿಯವು. ಧಾರವಾಡ ಶಿಲಾಸಮೂಹದಲ್ಲಿ ರಾಣೆಬೆನ್ನೂರಿನ ಹೆಸರು ಹೊತ್ತ ಪದರಗಳಲ್ಲೂ ಚರ್ಟ್ ಇದೆ. ಆದರೆ ಕಬ್ಬಿಣ ಬೆರೆತು ಪಟ್ಟೆಪಟ್ಟೆಯಾಗಿರುವ ಈ ಬಗೆಯ ಕಲ್ಲು ಪಟ್ಟೆಗಳ ಗುಂಟ ಒಡೆಯುತ್ತದೆ. ಒಂದೇ ಅಳತೆಯ ಸಾವಿರಾರು ತುಂಡುಗಳನ್ನು ತೆಗೆಯಲು ಒಗ್ಗುವಂಥದ್ದಲ್ಲ. ಕುರಿಗಾಹಿಗಳು ಬೀಡಿ ಹೊತ್ತಿಸಲು ಅರಳೆಯ ಜೊತೆ ಇಟ್ಟುಕೊಳ್ಳುತ್ತಿದ್ದ ಚಕಮಕಿಗೆ ಅಳತೆಯ ಕಟ್ಟು ಇರಲಿಲ್ಲ, ಕೈಗೆ ಒಗ್ಗಿದರೆ ಸಾಕಿತ್ತು. ಬಂದೂಕಿಗೆ ಅಷ್ಟು ಸಾಲದು.

1840ರ ದಶಕದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಕೇಪಿನ ಬಂದೂಕು ಬಂದು, ಕಲ್ಲಿನ ಕಾಲ ಮುಗಿಯತೊಡಗಿತು. 1857ರ ನಿಶ್ಶಸ್ತ್ರೀಕರಣ ಕಾಯ್ದೆ, 1878ರ ಶಸ್ತ್ರಾಸ್ತ್ರ ಕಾಯ್ದೆಗಳು ಊರವರ ಹಳೆಯ ಬಂದೂಕುಗಳನ್ನು ಸರ್ಕಾರದ ಹಿಡಿತಕ್ಕೆ ತಂದವು. ಉಳಿಯಬಲ್ಲದ್ದು ಕಲ್ಲು ಮಾತ್ರ; ಅದಕ್ಕೆ ತುಕ್ಕಿಲ್ಲ, ಗೆದ್ದಲಿಲ್ಲ. ರಾಣೆಬೆನ್ನೂರಿನ ಹಳೆಯ ಕೋಟೆಯ ಸುತ್ತ ಅಥವಾ ವರದೆಯ ದಂಡೆಯ ಹೊಲದಲ್ಲಿ ಚೌಕಾಕಾರದ, ಒಂದಂಗುಲ ದಾಟಿದ, ಒಂದು ಅಂಚು ತಟ್ಟಿ ಸವೆದ ಕಪ್ಪು ಅಥವಾ ಜೇನುಬಣ್ಣದ ಕಲ್ಲು ಕಂಡರೆ ಅದು ಬಂದೂಕಿನದಾಗಿರಬಹುದು. ಕಿರಿದಾಗಿ ಉದ್ದವಾಗಿದ್ದರೆ ಹಳ್ಳೂರಿನ ಕಾಲದ ಅಲಗಾಗಿರಬಹುದು. ಎರಡೂ ಚರಿತ್ರೆಯ ಸಾಕ್ಷಿಗಳೇ. ಅಂಥದ್ದು ಸಿಕ್ಕವರು ಸಿಕ್ಕ ಜಾಗವನ್ನು ಬರೆದಿಟ್ಟು ಪುರಾತತ್ವ ಇಲಾಖೆಗೆ ತಿಳಿಸಬೇಕು.