ಬೆಸುಗೆ ಹಾಕಿದ ಕೈಗಳು

‘ಆ ಬೆಳಕು ನೋಡಬೇಡಿ, ಕಣ್ಣು ಹೋದೀತು!’ ಮನೆಯ ಮುಂದೆ ಗೇಟಿಗೋ ಗ್ರಿಲ್ಲಿಗೋ ವೆಲ್ಡಿಂಗ್ ನಡೆಯುವಾಗ ಹಿರಿಯರ ಈ ಗದರಿಕೆ ಕೇಳದೆ ಬೆಳೆದವರು ನಮ್ಮ ಊರುಗಳಲ್ಲಿ ಅಪರೂಪ. ಮಾತೇನೂ ಸುಳ್ಳಲ್ಲ. ಆ ನೀಲಿ ಬೆಳಕನ್ನು ಬರಿಗಣ್ಣಿನಿಂದ ನೋಡಿದರೆ ರಾತ್ರಿಯೆಲ್ಲ ಕಣ್ಣಿಗೆ ಮರಳು ಬಿದ್ದಂತೆ ಉರಿ. ಆದರೆ ಗದರಿಸಿಕೊಂಡ ಹುಡುಗರಲ್ಲಿ ಒಬ್ಬನ ಕೈಗೆ ಮುಂದೊಂದು ದಿನ ಕರಿಗಾಜಿನ ಮುಖವಾಡ ಸಿಕ್ಕಿಬಿಡುತ್ತದೆ. ಹುಡುಗಿಯರು ಮಾತ್ರ ಕೆಲಸದವರಿಗೆ ಕಾಫಿ ಕೊಟ್ಟು ಒಳಗೆ ನಡೆಯುತ್ತಾರೆ.

ಬೆಸುಗೆ ಎಂಬುದು ನಮಗೆ ಹೊಸ ಮಾತಲ್ಲ. ಕಿತ್ತುಹೋದ ಸರದ ಕೊಂಡಿಯನ್ನು ಅಕ್ಕಸಾಲಿಗರು ಊದುಗೊಳವೆ ಹಿಡಿದು ಬೆಸೆಯುವುದನ್ನು ಕಂಡಿದ್ದೇವೆ, ತೂತಾದ ಕೊಡಕ್ಕೆ ಬೆಸುಗೆ ಹಾಕಿಸಿದ್ದೇವೆ. ಅಲ್ಲೆಲ್ಲ ಬೇಗ ಕರಗುವ ಇನ್ನೊಂದು ಲೋಹ ನಡುವೆ ನಿಂತು ಅಂಟಿನ ಕೆಲಸ ಮಾಡುತ್ತದೆ. ವೆಲ್ಡಿಂಗಿನಲ್ಲಿ ಹಾಗಲ್ಲ, ಎರಡು ತುಂಡುಗಳ ಅಂಚುಗಳೇ ಕರಗಿ ಒಂದಾಗಬೇಕು. ಉಕ್ಕಿಗೆ ಇದಕ್ಕೆ ಸುಮಾರು 1500 ಡಿಗ್ರಿ ಶಾಖ ಬೇಕು. 1880ರ ದಶಕದಲ್ಲಿ ಬೆನಾರ್ಡೋಸ್ ಮತ್ತು ಓಲ್ಶೆವ್ಸ್ಕಿ ಎಂಬಿಬ್ಬರು ಇಂಗಾಲದ ಕಡ್ಡಿಯಿಂದ ವಿದ್ಯುತ್ತಿನ ಕಿಡಿ ಹಾರಿಸಿ ಆ ಶಾಖ ಪಡೆದು, ಅದಕ್ಕೆ ಪೇಟೆಂಟನ್ನೂ ಪಡೆದರು. ಮುಂದೆ ಸ್ವೀಡನ್ನಿನ ಆಸ್ಕರ್ ಶೆಲ್‌ಬೆರ್ಗ್ ಲೋಹದ ಕಡ್ಡಿಗೆ ಖನಿಜಗಳ ಲೇಪ ಹಚ್ಚುವ ಉಪಾಯ ಕಂಡುಕೊಂಡು, 1907ರಲ್ಲಿ ಪೇಟೆಂಟ್ ಮಾಡಿಸಿದರು. ಕಾದ ಹಾಲಿನ ಮೇಲೆ ಕೆನೆ ಕಟ್ಟುವಂತೆ ಆ ಲೇಪ ಕರಗಿ ಬೆಸುಗೆಯ ಮೇಲೆ ಪದರವಾಗುತ್ತದೆ, ಗಾಳಿ ತಾಕಿ ಲೋಹ ಕೆಡದಂತೆ ಕಾಯುತ್ತದೆ. ಆರಿದ ಮೇಲೆ ಸುತ್ತಿಗೆಯಿಂದ ತಟ್ಟಿ ಉದುರಿಸುವ ಕರಿಯ ಕಿಟ್ಟ ಇದೇ.

ಇನ್ನು ಕೈಯ ಕೆಲಸ. ಹೊಲಿಗೆ ಬಲ್ಲವರಿಗೆ ಇದು ಪರಕೀಯವೆನಿಸದು. ಮೊದಲು ಅಲ್ಲೊಂದು ಇಲ್ಲೊಂದು ಚುಕ್ಕೆ ಹಾಕಿ ತುಂಡುಗಳನ್ನು ಅಲುಗದಂತೆ ನಿಲ್ಲಿಸಬೇಕು, ಥೇಟ್ ನಮ್ಮ ಕಚ್ಚಾ ಹೊಲಿಗೆ. ಆಮೇಲೆ ಕಡ್ಡಿಯ ತುದಿಯನ್ನು ಲೋಹದಿಂದ ಹೆಚ್ಚುಕಡಿಮೆ ಅದರ ದಪ್ಪದಷ್ಟೇ ದೂರದಲ್ಲಿ, ತುಸು ಓರೆಯಾಗಿ ಹಿಡಿದು ಒಂದೇ ವೇಗದಲ್ಲಿ ಎಳೆಯುತ್ತ ಹೋಗಬೇಕು. ಕಡ್ಡಿ ಸವೆದಂತೆಲ್ಲ ಕೈ ಕೆಳಗಿಳಿಯಬೇಕು. ಅವಸರಪಟ್ಟರೆ ಬೆಸುಗೆ ಹಿಡಿಯದು, ತಡಮಾಡಿದರೆ ತಗಡು ತೂತು. ಹದ ಸರಿಯಿದ್ದರೆ ಹಪ್ಪಳ ಕರಿದಂತಹ ಒಂದೇ ಸಮನೆಯ ಸದ್ದು ಕೇಳುತ್ತದೆ. ಕಣ್ಣು, ಕಿವಿ, ಕೈ, ತಾಳ್ಮೆ ಇವಿಷ್ಟು ಬಂಡವಾಳ. ತೋಳ್ಬಲದ ಮಾತೇ ಇಲ್ಲ.

ಇದು ಜಗತ್ತಿಗೆ ಚೆನ್ನಾಗಿ ತಿಳಿದದ್ದು ಎರಡನೆಯ ಮಹಾಯುದ್ಧದಲ್ಲಿ. ಅಮೆರಿಕದ ಗಂಡಸರು ರಣರಂಗಕ್ಕೆ ಹೋದರು. ಹಡಗುಗಳು ಮಾತ್ರ ಸಾಲುಸಾಲಾಗಿ ಬೇಕಿದ್ದವು. ರಿವೆಟ್ ಬಡಿದು ಕೂಡಿಸುತ್ತ ಕೂತರೆ ಮುಗಿಯದೆಂದು ಹಡಗುಕಟ್ಟೆಗಳು ವೆಲ್ಡಿಂಗಿಗೆ ತಿರುಗಿದವು, ಆ ಕೆಲಸಕ್ಕೆ ಸಾವಿರಾರು ಹೆಂಗಸರನ್ನು ಕರೆದವು. ಆರೆಗನ್ ರಾಜ್ಯದ ಪೋರ್ಟ್‌ಲೆಂಡ್ ಊರಿನ ಸ್ವಾನ್ ಐಲೆಂಡ್ ಹಡಗುಕಟ್ಟೆ ಅಂಥದೊಂದು. ಅಂಗಡಿ, ಅಡುಗೆಮನೆ ಬಿಟ್ಟು ಬಂದವರು ಕೆಲವೇ ದಿನಗಳ ತರಬೇತಿ ಪಡೆದು ಮುಖವಾಡ ತೊಟ್ಟರು. 1943ರಲ್ಲಿ ಅಲ್ಲಿಯೇ ತಾಯಂದಿರಿಗಾಗಿ ಶಿಶುಕೇಂದ್ರ ತೆರೆಯಿತು. ರಾತ್ರಿ ಪಾಳಿಗೂ ಅದು ತೆರೆದಿರುತ್ತಿತ್ತು. ಮಗುವನ್ನು ಕರೆದೊಯ್ಯುವಾಗ ಮನೆಗೆ ಊಟವನ್ನೂ ಕಟ್ಟಿಸಿಕೊಳ್ಳಬಹುದಿತ್ತು. ಕೆಲಸದಿಂದ ಬಂದು ಸೆರಗು ಬಿಗಿದು ಒಲೆ ಹಚ್ಚುವವರಿಗೆ ಆ ಊಟದ ಬೆಲೆ ಗೊತ್ತು!

ಅದೇ ವರ್ಷದ ಜನವರಿ 16ರ ರಾತ್ರಿ ಅದೇ ಕಟ್ಟೆಯಲ್ಲಿ ಒಂದು ಅನಾಹುತವಾಯಿತು. ಆಗಷ್ಟೇ ಸಿದ್ಧವಾಗಿ ಶಾಂತ ನೀರಿನಲ್ಲಿ ನಿಂತಿದ್ದ ‘ಸ್ಕೆನೆಕ್ಟಡಿ’ ಎಂಬ ತೈಲದ ಹಡಗು ಭಾರೀ ಸದ್ದಿನೊಡನೆ ನಡುವೆಯೇ ಬಿರಿಯಿತು. ಬೇರೆ ಹಡಗುಗಳಲ್ಲೂ ಬಿರುಕುಗಳು ಕಂಡವು. ಗುಮಾನಿ ಹೋದದ್ದು ಬೆಸುಗೆಯ ಮೇಲೆ, ಅಂದರೆ ಬೆಸೆದವರ ಮೇಲೂ. ಕೆಲವೆಡೆ ಬೆಸುಗೆ ಕಳಪೆಯಾಗಿದ್ದುದೂ ನಿಜ. ಆದರೆ ಅಷ್ಟಕ್ಕೇ ಉಕ್ಕಿನ ಹಡಗು ಗಾಜಿನಂತೆ ಒಡೆದೀತೇ?

ಉತ್ತರ ಹುಡುಕಿದವರಲ್ಲಿ ಮುಖ್ಯರು ಒಬ್ಬ ಹೆಂಗಸು, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಲೋಹಶಾಸ್ತ್ರಜ್ಞೆಯಾಗಿದ್ದ ಕಾನ್‌ಸ್ಟನ್ಸ್ ಟಿಪ್ಪರ್. ಆ ಉಕ್ಕು ಒಂದು ಮಟ್ಟಕ್ಕಿಂತ ತಣ್ಣಗಾದಾಗ ಬಾಗುವ ಗುಣವನ್ನೇ ಕಳೆದುಕೊಂಡು ಪಟ್ಟನೆ ಒಡೆಯುತ್ತದೆಂದು ಅವರು ಪರೀಕ್ಷೆಗಳಿಂದ ತೋರಿಸಿದರು. ರಿವೆಟ್ ಹಾಕಿದ ಹಡಗಿನಲ್ಲಿ ಬಿರುಕು ಆ ತಗಡಿನ ಅಂಚಿನಲ್ಲೇ ನಿಲ್ಲಬಹುದಿತ್ತು. ಬೆಸೆದ ಹಡಗು ಒಂದೇ ತುಂಡಾದ್ದರಿಂದ ಅದಕ್ಕೆ ತಡೆಯೇ ಇರಲಿಲ್ಲ. ಮೂಲದ ದೋಷ ಮಾತ್ರ ಉಕ್ಕಿನಲ್ಲೇ ಇತ್ತು. ಹೆಂಗಸರಿಗೆ ಪೂರ್ಣ ಪದವಿ ಕೊಡಲು 1948ರವರೆಗೆ ತಡಮಾಡಿದ ಕೇಂಬ್ರಿಜ್, 1949ರಲ್ಲಿ ಅವರನ್ನು ರೀಡರ್ ಹುದ್ದೆಗೇರಿಸಿತು. 1995ರಲ್ಲಿ, ನೂರು ದಾಟಿದ ಮೇಲೆ ಅವರು ತೀರಿಕೊಂಡರು.

ಉಕ್ಕಿನ ಗುಟ್ಟು ಬಯಲಾಯಿತು, ಬೆಸೆದವರ ಗತಿ? 1945ರಲ್ಲಿ ಯುದ್ಧ ಮುಗಿಯಿತು, ಶಿಶುಕೇಂದ್ರಕ್ಕೆ ಬೀಗ ಬಿತ್ತು. ಹೆಂಗಸರಲ್ಲಿ ಹೆಚ್ಚಿನವರು ಮುಖವಾಡ ಕಳಚಿಟ್ಟು ಮನೆಗೋ ಕಡಿಮೆ ಸಂಬಳದ ಕೆಲಸಕ್ಕೋ ಮರಳಬೇಕಾಯಿತು. ಕೈ ಸೋತದ್ದಕ್ಕಲ್ಲ, ಗಂಡಸರು ಮರಳಿ ಬಂದದ್ದಕ್ಕೆ. ಬೇಕಾದಾಗ ‘ನಿನ್ನಿಂದಾಗುತ್ತದೆ’, ಬೇಡವಾದಾಗ ‘ಇದು ನಿನಗೇಕೆ’ ಎನ್ನುವ ಈ ಮಾತು ನಮ್ಮ ಕಿವಿಗೂ ಹೊಸದೇನಲ್ಲ.

ಈಗ ವೆಲ್ಡಿಂಗ್ ಯಂತ್ರವೂ ಬದಲಾಗಿದೆ. ಇಬ್ಬರು ಹೊರಬೇಕಾಗಿದ್ದ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಬದಲು, ಒಂದೇ ಕೈಯಲ್ಲಿ ಎತ್ತಬಹುದಾದ ಇನ್ವರ್ಟರ್ ಯಂತ್ರ ಬಂದಿದೆ. ಸಣ್ಣ ಕೆಲಸಕ್ಕೆ ಮನೆಯ ದಪ್ಪ ಪ್ಲಗ್ಗಿನ ವಿದ್ಯುತ್ತೇ ಸಾಕು. ಹೂಕುಂಡದ ಸ್ಟ್ಯಾಂಡು ಮುರಿದರೆ ನಾವೇ ಕೂಡಿಸಬಹುದು. ಆದರೆ ಮೊದಲ ಪಾಠವನ್ನು ಬಲ್ಲವರ ಪಕ್ಕದಲ್ಲಿ ನಿಂತೇ ಕಲಿಯಬೇಕು. ಕರಿಗಾಜಿನ ಮುಖವಾಡ, ಚರ್ಮದ ಕೈಗವಸು, ಮೈತುಂಬ ದಪ್ಪ ಹತ್ತಿಬಟ್ಟೆ ಇರಲೇಬೇಕು. ನೈಲಾನ್, ಪಾಲಿಯೆಸ್ಟರ್ ಕಿಡಿ ತಾಕಿದರೆ ಕರಗಿ ಮೈಗೆ ಅಂಟುತ್ತವೆ. ನೆಲ ಒದ್ದೆಯಿರಬಾರದು. ಸತುವಿನ ಲೇಪವಿರುವ ಜಿಐ ಪೈಪಿನ ತಂಟೆಗೆ ಹೋಗಬಾರದು. ಆ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಮೊದಲು ಹಳೆಯ ಕಬ್ಬಿಣದ ಪಟ್ಟಿಯ ಮೇಲೆ ಗೆರೆ ಎಳೆದು ಕೈ ಕುದುರಿಸಿಕೊಳ್ಳಬೇಕು. ರಂಗೋಲಿಯ ಎಳೆ ನೆಟ್ಟಗೆ ಬರುವುದಕ್ಕೂ ಎಷ್ಟೋ ಬೆಳಗು ಅಂಗಳದಲ್ಲಿ ಕೂತಿರಲಿಲ್ಲವೇ ನಾವು? ಇನ್ನು ಮುಂದೆ ಮನೆಯ ಹುಡುಗಿ ಆ ಬೆಳಕಿನತ್ತ ತಿರುಗಿದರೆ ಗದರಿಸೋಣ, ತಪ್ಪಿಲ್ಲ. ಗದರಿಸಿದ ಮೇಲೆ ಅವಳ ಕೈಗೂ ಒಂದು ಕರಿಗಾಜು ಕೊಡೋಣ.